ಹೂವು ಬಿದ್ದ ಡಬ್ಬ

ನಮ್ಮ ಮನೆಯಲ್ಲಿ ಏನು ತಂದರೂ ಎರಡು ತರುತ್ತಾರೆ. ಇಬ್ಬರು ಸೊಸೆಯರು, ಎರಡು ಸೀರೆ, ಎರಡು ಜೊತೆ ಓಲೆ, ಎರಡು ಟಿಫನ್ ಕ್ಯಾರಿಯರ್. ಒಂದೇ ಅಂಗಡಿ, ಒಂದೇ ಬಣ್ಣ, ಒಂದೇ ಬೆಲೆ. ಇದು ಅತ್ತೆ ಮಾಡಿದ ಕಾನೂನು. ಅವರು ಸೊಸೆಯಾಗಿ ಬಂದ ಹೊಸದರಲ್ಲಿ ಅವರ ಓರಗಿತ್ತಿಗೆ ಜರಿ ಅಂಚಿನ ಸೀರೆಯೂ ಅವರಿಗೆ ಬರೀ ಸೀರೆಯೂ ಬಂದಿತ್ತಂತೆ. ಆ ಕತೆಯನ್ನು ಈಗಲೂ ನಿನ್ನೆ ನಡೆದ ಹಾಗೆ ಹೇಳುತ್ತಾರೆ. "ನನ್ ಸೊಸೇರು ಹಂಗೆ ಕಣ್ಣೀರ್ ಹಾಕ್ಬಾರ್ದು ಕಣವ್ವ" ಅನ್ನುವುದು ಅವರ ಹಟ.

ಪಾಪ, ಅವರಿಗೆ ಗೊತ್ತಿರಲಿಲ್ಲ. ಎರಡೂ ಒಂದೇ ಥರ ಇದ್ದಾಗಲೇ ಹೊಟ್ಟೆ ಹೆಚ್ಚು ಉರಿಯುವುದು. ಬೇರೆ ಬೇರೆ ಇದ್ದರೆ ನನ್ನ ಹಣೆಬರಹ ಇಷ್ಟೇ ಅಂತ ಸುಮ್ಮನಿರಬಹುದು. ಒಂದೇ ಬಣ್ಣದ ಸೀರೆಯುಟ್ಟು ಇಬ್ಬರೂ ಮದುವೆಮನೆಗೆ ಹೋದಾಗ ಬಂದವರೆಲ್ಲ ಅವಳ ಸೆರಗನ್ನೇ ಮುಟ್ಟಿ "ಎಷ್ಟ್ ಚೆಂದಾಗೈತೆ, ಎಲ್ಲಿ ತಕ್ಕೊಂಡೆ" ಅಂದರೆ ಸೀರೆಯ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲವಲ್ಲ.

ಅವಳು ಅಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ರಾಮನಗರದ ಪೇಟೆಯಲ್ಲಿ ಬೆಳೆದವಳು. ನಾನು ಮಾಗಡಿ ಕಡೆಯವಳು, ಅವಳಿಗಿಂತ ಆರು ವರ್ಷ ಮೊದಲೇ ಈ ಮನೆಗೆ ಬಂದವಳು. ಕನಕಪುರದಿಂದ ಕಬ್ಬಾಳಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮ ಊರು. ಎರಡು ಎಕರೆ ಹಿಪ್ಪುನೇರಳೆ, ರೇಷ್ಮೆ ಸಾಕುವ ಒಂದು ಹುಳುಮನೆ, ಮೂರು ಸೀಮೆಹಸು. ನಾನು ಬಿ.ಎ. ಓದಿದ್ದೇನೆ, ಅವಳು ಪಿಯುಸಿ. ಸೊಪ್ಪು ಕೊಯ್ಯುವುದರಲ್ಲಿ ನನ್ನ ಕೈ ಮುಂದು. ಹುಳುವಿನ ಹಾಸಿಗೆ ಬದಲಿಸುವುದರಲ್ಲೂ ಅಷ್ಟೇ. ಮುದ್ದೆ ಕಟ್ಟುವುದಂತೂ ಕೇಳಲೇಬೇಡಿ, ಅವಳದು ಈಗಲೂ ಗಂಟು ಗಂಟು. ಹೀಗೆ ಲೆಕ್ಕ ಹಾಕುತ್ತಾ ಹೋದರೆ ಎಲ್ಲದರಲ್ಲೂ ನಾನೇ ಮೇಲು. ಆದರೆ ಕಾಲು ನೋವು ಬಂದಾಗ ಅತ್ತೆ ಕರೆಯುವುದು ಅವಳನ್ನು. ನೆರೆಹೊರೆಯವರು ಬಂದು ಕೂರುವುದು ಅವಳ ಹತ್ತಿರ. ನನ್ನ ಮಕ್ಕಳೇ ಶಾಲೆಯಿಂದ ಬಂದವರು ಮೊದಲು "ಚಿಕ್ಕಮ್ಮ ಎಲ್ಲಿ" ಅಂತಾರೆ. ಇದಕ್ಕೆ ಅವಳು ಏನನ್ನೂ ಮಾಡುತ್ತಿರಲಿಲ್ಲ, ಅದೇ ನನಗೆ ಸಿಟ್ಟು. ಅವಳು ಒಸಿ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಹೋದ ಶ್ರಾವಣಕ್ಕೆ ಮುಂಚೆ ಹುಳು ಚೆನ್ನಾಗಿ ಹಣ್ಣಾಗಿ, ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆಗೆ ಹೋಯಿತು. ಸೊಪ್ಪು ಕೊಯ್ದ ಕೈಗೂ ಏನಾದರೂ ಸಿಗಬೇಕು ಅಂತ ಅತ್ತೆ ಪಟ್ಟು ಹಿಡಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಸೊಸೆಯರಿಬ್ಬರಿಗೂ ಟಚ್ ಫೋನ್ ಅಂತ ಆಯಿತು. ಅಲ್ಲಿಯವರೆಗೆ ನಮ್ಮಿಬ್ಬರ ಹತ್ತಿರವೂ ಇದ್ದದ್ದು ಬಟನ್ ಫೋನು. ಕನಕಪುರದ ಒಂದು ಅಂಗಡಿಗೆ ಇಬ್ಬರೂ ಹೋಗಿ ಒಂದೇ ಕಂಪನಿಯ, ಒಂದೇ ನೀಲಿ ಬಣ್ಣದ ಎರಡು ಫೋನ್ ತಂದೆವು. ಹಬ್ಬದ ಆಫರ್‌ನಲ್ಲಿ ಒಂದು ಬಿಲ್ಲಿಗೆ ಒಂದೇ ಉಡುಗೊರೆ ಅಂದಿದ್ದಕ್ಕೆ ನನ್ನ ಹೆಸರಿಗೊಂದು ಅವಳ ಹೆಸರಿಗೊಂದು ಬಿಲ್ ಮಾಡಿಸಿ, ಎರಡು ಸ್ಟೀಲ್ ಡಬ್ಬಿಯನ್ನೂ ಗಿಟ್ಟಿಸಿಕೊಂಡೆವು. ಎರಡು ಬಿಲ್ಲಿನ ಉಪಾಯ ನನ್ನದೇ. ಅವತ್ತು ಬಹಳ ಜಾಣೆ ಅಂದುಕೊಂಡಿದ್ದೆ.

ಹೊಸ ವಸ್ತು ಏನೇ ಬರಲಿ, ದೇವರ ಮುಂದೆ ಇಟ್ಟು ಕುಂಕುಮ ಹಚ್ಚದೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಹಬ್ಬದ ದಿನ ಕಳಶ ಕೂರಿಸಿ, ದೇವಿಗೆ ಸೀರೆ ಉಡಿಸಿ ಹೂವು ಮುಡಿಸಿ ಆದ ಮೇಲೆ ಅತ್ತೆ ಫೋನಿನ ಎರಡು ಡಬ್ಬವನ್ನೂ ನಮ್ಮಿಬ್ಬರ ಕೈಯಿಂದ ಇಸಿದುಕೊಂಡು ಇಟ್ಟರು. ದೇವಿಯ ಬಲಗಡೆ ಅವಳದು, ಎಡಗಡೆ ನನ್ನದು. ಹಿರಿಯ ಸೊಸೆಯದು ಎಡಗಡೆ ಹೋಯಿತಲ್ಲ ಅಂತ ಅಲ್ಲೇ ಒಂದು ಮುಳ್ಳು ಚುಚ್ಚಿತು. ಮಂಗಳಾರತಿ ಮುಗಿಸಿ ಎಲ್ಲರೂ ಒಬ್ಬಟ್ಟಿನ ಕಡೆ ಓಡಿದರು. ದೀಪಕ್ಕೆ ಎಣ್ಣೆ ಹಾಕಲು ನಾನೊಬ್ಬಳೇ ಉಳಿದೆ.

ಆಗ ಹೂವು ಬಿತ್ತು. ಒಂದು ಹಳದಿ ಸೇವಂತಿಗೆ, ದೇವಿಯ ಬಲಗಡೆಯಿಂದ ಜಾರಿ ಸೀದಾ ಅವಳ ಡಬ್ಬದ ಮೇಲೆ.

ಹೂವು ಬೀಳುವುದು ಅಂದರೆ ನಮಗೆ ಸಣ್ಣ ಮಾತಲ್ಲ. ಹೆಣ್ಣು ಕೊಡುವುದಕ್ಕೆ ಮೊದಲು, ಬೋರ್ ಕೊರೆಸುವುದಕ್ಕೆ ಮೊದಲು ದೇವರ ಮುಂದೆ ಕೂತು ಹೂವು ಕೇಳುವ ಮನೆತನ ನಮ್ಮದು. ಬಲಕ್ಕೆ ಬಿದ್ದರೆ ಆಗಲಿ ಅಂತ, ಎಡಕ್ಕೆ ಬಿದ್ದರೆ ಬೇಡ ಅಂತ. ನನ್ನ ಮದುವೆಗೆ ಮುಂಚೆ ಕಬ್ಬಾಳಿನ ದೇವಸ್ಥಾನದಲ್ಲಿ ಹೂವು ಕೇಳಿದಾಗ ಒಂದು ಗಂಟೆ ಕಾಯಿಸಿ ಬಿತ್ತಂತೆ. ಇಲ್ಲಿ ಅವಳಿಗೆ ಕೇಳದೆಯೇ ಕೊಟ್ಟುಬಿಟ್ಟಳು ದೇವಿ. ಮನೆಯ ಜನ ಸಾಲದು ಅಂತ ದೇವರೂ ಅವಳ ಪಕ್ಷವೇ ಅನ್ನಿಸಿ ಮೈಯೆಲ್ಲ ಉರಿಯಿತು.

ಅಡುಗೆಮನೆಯ ಕಡೆ ನೋಡಿದೆ. ಯಾರೂ ಬರುತ್ತಿರಲಿಲ್ಲ. ಹೂವನ್ನು ತೆಗೆದು ನನ್ನ ಜಡೆಗೆ ಸಿಕ್ಕಿಸಿಕೊಂಡೆ. ಆಮೇಲೆ ಎರಡು ಡಬ್ಬವನ್ನೂ ಅದಲು ಬದಲು ಮಾಡಿಟ್ಟೆ. ಊಟವಾದ ಮೇಲೆ ಅತ್ತೆ ಬಂದು ಬಲಗಡೆಯದನ್ನು ಅವಳಿಗೆ, ಎಡಗಡೆಯದನ್ನು ನನಗೆ ಕೊಟ್ಟರು. ಅವಳು ಕಾಲಿಗೆ ಬಿದ್ದು ತೆಗೆದುಕೊಂಡಳು. ನಾನೂ ಬಿದ್ದೆ.

ಹತ್ತು ದಿನ ಕಳೆಯುವಷ್ಟರಲ್ಲಿ ನನ್ನ ಫೋನಿನ ಪರದೆಯ ಮೇಲೆ ಹಸಿರು ಗೆರೆ ಬಂತು. ನಟ್ಟನಡುವೆ, ತುದಿಯಿಂದ ಬುಡದವರೆಗೆ. ಯಾರ ಮುಖ ನೋಡಿದರೂ ಎರಡು ಹೋಳು. ಇನ್ನೆರಡು ದಿನಕ್ಕೆ ಮಾತಾಡುತ್ತಾ ಇರುವಾಗಲೇ ತಾನಾಗಿ ಆರಿಹೋಗುವುದಕ್ಕೆ ಶುರುವಾಯಿತು. ಅಂಗಡಿಯವನನ್ನು ಕೇಳಿದರೆ ಬದಲಿಸಿ ಕೊಡುವ ಏಳು ದಿನ ಮುಗಿದಿದೆ, ರಾಮನಗರದ ಸರ್ವೀಸ್ ಸೆಂಟರಿಗೆ ಹೋಗಿ ಅಂದ.

ಅವಳ ಫೋನು ಮಾತ್ರ ಕನ್ನಡಿಯ ಹಾಗಿತ್ತು. ಅವಳ ಫೋನು ಅಂತ ಬರೆದೆ, ಅದು ನನ್ನ ಫೋನು. ಅದನ್ನು ಹೇಳುವ ಬಾಯಿ ನನಗಿರಲಿಲ್ಲ. ಅವಳು ಬಿದಿರಿನ ಚಂದ್ರಂಕಿ ತಟ್ಟಿಯಲ್ಲಿ ಗೂಡು ಕಟ್ಟುತ್ತಿರುವ ಹುಳುವಿನ ಫೋಟೊ ತೆಗೆದಳು, ಬಂಗಾರದ ಮಣಿಗಳ ಹಾಗೆ ಬಂತು. ಅತ್ತೆ ಎಲೆಯಡಿಕೆ ಹಾಕಿಕೊಂಡು ಬಾಯ್ತುಂಬ ನಗುತ್ತಿರುವ ಫೋಟೊ ತೆಗೆದಳು. ಅದನ್ನು ಮನೆಯ ಗಂಡಸರೆಲ್ಲ ಸ್ಟೇಟಸ್‌ಗೆ ಹಾಕಿಕೊಂಡರು. ನನ್ನ ಗಂಡನೂ ಸೇರಿ. ಮದುವೆಯಾಗಿ ಹದಿಮೂರು ವರ್ಷದಲ್ಲಿ ನನ್ನ ಒಂದು ಫೋಟೊವನ್ನೂ ಆ ಮನುಷ್ಯ ಎಲ್ಲೂ ಹಾಕಿಕೊಂಡದ್ದಿಲ್ಲ. ಬೀದಿಯ ಹೆಂಗಸರು ಸಂಜೆಯಾದರೆ ತಲೆ ಬಾಚಿಕೊಂಡು ಬಂದು "ನಂದೂ ಒಂದ್ ತೆಗಿಯವ್ವ" ಅಂತ ಜಗಲಿಯ ಮೇಲೆ ಕೂರುತ್ತಿದ್ದರು. ನಾನು ಸೊಪ್ಪಿನ ಮಂಕರಿ ಹೊತ್ತು ಅವರ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದೆ.

"ಅಕ್ಕ, ನಿಮ್ದು ಸರಿಯಾಗೋವರ್ಗೂ ಇದನ್ನೇ ಇಟ್ಕೊಳ್ಳಿ, ನಂಗೇನು ಅರ್ಜೆಂಟಿಲ್ಲ" ಅಂತ ಅವಳು ಒಂದು ದಿನ ಫೋನನ್ನು ನನ್ನ ಕೈಗೆ ಇಡಲು ಬಂದಳು.

"ನಿಂದು ನಿನ್ ಹತ್ರನೇ ಇರ್ಲಿ ಕಣಮ್ಮಿ" ಅಂದೆ. ಹೇಳಿದ ರೀತಿ ಹೇಗಿತ್ತೋ, ಅವಳು ಮತ್ತೆ ಕೇಳಲಿಲ್ಲ.

ರಾಮನಗರಕ್ಕೆ ಎರಡು ಸಲ ಹೋದೆ. ಸರ್ವೀಸ್ ಸೆಂಟರಿನವರು ಬಿಲ್ ಕೇಳಲಿಲ್ಲ. ಫೋನಿನ ನಂಬರ್ ಕಂಪ್ಯೂಟರಿಗೆ ಹಾಕಿ, ವಾರಂಟಿ ಇದೆ ಬಿಟ್ಟು ಹೋಗಿ ಅಂದರು. ಹತ್ತು ದಿನ ಇಟ್ಟುಕೊಂಡು ಕೊಟ್ಟರು, ನಾಲ್ಕು ದಿನಕ್ಕೆ ಗೆರೆ ಮತ್ತೆ ಬಂತು. ಮತ್ತೆ ಹೋದೆ. ಈ ಸಲ ಪರದೆಯನ್ನೇ ಬದಲಿಸಿದ್ದೇವೆ ಅಂದರು. ಗೆರೆ ಹೋಯಿತು, ಆದರೆ ಫೋನು ಬಿಸಿಯಾಗಿ ಆರುವುದು ಹಾಗೇ ಉಳಿಯಿತು. ಅಲ್ಲಿಯ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಾಗಲೂ ಅಕ್ಕಪಕ್ಕದವರ ಫೋನುಗಳನ್ನೇ ನೋಡುತ್ತಿದ್ದೆ. ಬರೀ ಗಾಜು ಒಡೆದವರನ್ನು ಕಂಡರೂ ಹೊಟ್ಟೆಕಿಚ್ಚಾಗುತ್ತಿತ್ತು. ಅವರ ಕಷ್ಟ ಎಷ್ಟು ಸಣ್ಣದು, ಬದಲಿಸಿದರೆ ಮುಗಿಯಿತು.

ಕೊನೆಗೆ ಬಿ.ಎ. ಓದಿದ್ದು ಉಪಯೋಗಕ್ಕೆ ಬಂತು. ಗಂಡನ ಫೋನಿನಿಂದ ಗ್ರಾಹಕರ ಸಹಾಯವಾಣಿಗೆ ಕರೆ ಮಾಡಿ ದೂರು ಬರೆಸಿದೆ. ಕಂಪನಿಯವರಿಗೆ ಎರಡು ಸಲದ ರಿಪೇರಿ ಚೀಟಿಗಳನ್ನೂ ಸೇರಿಸಿ ಕಾಗದ ಬರೆದೆ. ನನಗೆ ದುಡ್ಡು ವಾಪಸ್ ಬೇಕು, ಇನ್ನೊಂದು ರಿಪೇರಿ ಬೇಡ ಅಂತ ಪಟ್ಟು ಹಿಡಿದೆ. ಮೂರು ವಾರದ ಮೇಲೆ ಉತ್ತರ ಬಂತು. ಪೂರ್ತಿ ಹಣ ಹಿಂತಿರುಗಿಸುತ್ತೇವೆ, ಹದಿನೈದು ದಿನದೊಳಗೆ ಫೋನು, ಡಬ್ಬ, ಚಾರ್ಜರ್, ಬಿಲ್ಲು ತೆಗೆದುಕೊಂಡು ಕೊಂಡ ಅಂಗಡಿಗೆ ಹೋಗಿ ಅಂತ. ಮನೆಯವರೆಲ್ಲ ನನ್ನನ್ನು ಹೊಗಳಿದರು. "ನಮ್ ಹಿರೀ ಸೊಸೆ ಕಂಪ್ನಿಯೋರ್ನೇ ಬಗ್ಗಿಸ್ಬುಟ್ಲು" ಅಂತ ಅತ್ತೆ ಹಾಲಿನ ಡೇರಿಯಲ್ಲಿ ಹೇಳಿಕೊಂಡು ಬಂದರು. ಅಪರೂಪಕ್ಕೆ ಎಲ್ಲರ ಕಣ್ಣೂ ನನ್ನ ಮೇಲಿತ್ತು. ಆ ಎರಡು ದಿನ ನಾನು ಯಾರ ಮೇಲೂ ಹೊಟ್ಟೆಕಿಚ್ಚು ಪಡಲಿಲ್ಲ.

ಹುಳುವಿನ ಕೆಲಸ ಮುಗಿಸಿ ಹನ್ನೊಂದನೆಯ ದಿನ ಹೋದರೆ, ಅಂಗಡಿಯ ಕೌಂಟರಿನಲ್ಲಿದ್ದ ಹುಡುಗಿ ನನ್ನ ಬಿಲ್ಲನ್ನು ಒಂದು ಕೈಯಲ್ಲಿ, ಡಬ್ಬವನ್ನು ಇನ್ನೊಂದು ಕೈಯಲ್ಲಿ ಹಿಡಿದು ಉದ್ದದ ನಂಬರನ್ನು ಒಂದೊಂದೇ ಅಂಕಿ ಓದಿದಳು. ಕೊನೆಯ ಐದು ಅಂಕಿ ಬೇರೆ.

"ಮೇಡಂ, ಈ ಬಿಲ್ ಈ ಫೋನಿಂದಲ್ಲ" ಅಂದಳು.

ಅದೊಂದು ನಂಬರ್ ಬಿಲ್ಲಿನ ಮೇಲೆ ಇರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, ಅವತ್ತೇ ನಿಮ್ಮ ಊರಿನ ವಿಳಾಸಕ್ಕೇ ಆದ ಇನ್ನೊಂದು ಬಿಲ್ಲಿನಲ್ಲಿ ಈ ಫೋನಿದೆ ಅಂದಳು. ಆ ಬಿಲ್ಲಿನವರೇ ಬಂದು ಸಹಿ ಹಾಕಬೇಕು, ಹಣ ಹೋಗುವುದೂ ಅವರ ಖಾತೆಗೇ. ಇನ್ನು ನಾಲ್ಕು ದಿನ ಉಳಿದಿತ್ತು.

ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡೆ. ಮನೆಗೆ ಬಂದು ನೀರು ಕುಡಿದು, ಯಾರ ಮುಖವನ್ನೂ ನೋಡದೆ, "ಪೂಜೆಗಿಟ್ಟಾಗ ಡಬ್ಬ ಅದಲು ಬದಲಾಗಿರ್ಬೇಕು" ಅಂದೆ. ಯಾರು ಮಾಡಿದರು ಅಂತ ಹೇಳಲಿಲ್ಲ. ಹೇಳದಿದ್ದರೆ ಸುಳ್ಳಲ್ಲ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಅತ್ತೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. "ನಾನೇ ಇಟ್ಟಿದ್ದು, ನಾನೇ ಕೊಟ್ಟಿದ್ದು. ಅದೆಂಗ್ ಬದ್ಲಾಯ್ತು? ಇಷ್ಟ್ ವರ್ಸದಾಗೆ ಒಂದ್ ಸಲವೂ ಹಿಂಗಾಗಿಲ್ಲ" ಅಂದರು. ಆಮೇಲೆ "ನನ್ ಕಣ್ಣೇ ಮಂಜಾಗೈತೆ ಬುಡವ್ವ" ಅಂತ ತಾವೇ ತೀರ್ಮಾನ ಕೊಟ್ಟುಬಿಟ್ಟರು.

ಅಲ್ಲಿಂದ ಶುರುವಾಯಿತು. ಸೂಜಿಗೆ ದಾರ ಪೋಣಿಸಿ ನೋಡುವುದು, ದಾರ ಒಂದು ಸಲ ತಪ್ಪಿದರೆ ಸೂಜಿ ಕೆಳಗಿಟ್ಟು ಕೂರುವುದು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮೊರವನ್ನು ಬಾಗಿಲ ಬೆಳಕಿಗೆ ಹಿಡಿಯುವುದು. ಕನಕಪುರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ನನ್ನ ಗಂಡನಿಗೆ ಎರಡು ಸಲ ಹೇಳಿದರು. ಬಳೆಗಾರ ಬಂದಾಗ ನಮ್ಮಿಬ್ಬರಿಗೂ ಬಳೆ ಆರಿಸಿ ಕೊಡುವುದು ಅವರೇ. ಈ ಸಲ ಹೊಸ್ತಿಲಲ್ಲೇ ಕೂತು, "ನೀವ್ ನೀವೇ ತಕ್ಕೊಳ್ರವ್ವ, ನಾನ್ ಕೊಟ್ರೆ ಮತ್ತೆ ಎಡವಟ್ಟಾದಾತು" ಅಂದರು. ಆದರೂ ನಾನು ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ದುಡ್ಡು ಬರುತ್ತದೆ, ಜೊತೆಗೆ ಮಾನ ಹೋಗುತ್ತದೆ. ಅದೂ ಯಾರ ಮುಂದೆ, ಅವಳ ಮುಂದೆ.

ಕೊನೆಯ ದಿನದ ಹಿಂದಿನ ದಿನ ನಾನೂ ಅವಳೂ ಕನಕಪುರಕ್ಕೆ ಹೊರಟೆವು. ಬಸ್ಸಿನಲ್ಲಿ ಅವಳಿಗೆ ಕಿಟಕಿ ಸಿಕ್ಕಿತು, ಎಂದಿನ ಹಾಗೆ. ಅವಳು ದಾರಿಯುದ್ದಕ್ಕೂ ಅತ್ತೆಯ ಕಣ್ಣಿನ ಮಾತೇ ಆಡುತ್ತಿದ್ದಳು. ರಾಮನಗರದಲ್ಲಿ ಗೊತ್ತಿರುವ ಡಾಕ್ಟರಿದ್ದಾರೆ, ಪೊರೆ ಬಂದಿದ್ದರೆ ತಡ ಮಾಡಬಾರದು, ತಾನೇ ಜೊತೆಗಿದ್ದು ಮಾಡಿಸುತ್ತೇನೆ ಅಂತ. ಕಣ್ಣಿಗೆ ಏನೂ ಆಗಿಲ್ಲ ಅಂತ ಗೊತ್ತಿದ್ದವಳು ಪ್ರಪಂಚದಲ್ಲಿ ನಾನೊಬ್ಬಳೇ.

"ಅತ್ತೆ ಅಲ್ಲ ಕಣಮ್ಮಿ" ಅಂದೆ. "ಡಬ್ಬ ಬದ್ಲಾಯಿಸಿದ್ದು ನಾನು."

ಅವಳು ನನ್ನ ಕಡೆ ತಿರುಗಿದಳು. "ಯಾಕಕ್ಕ? ಎರಡೂ ಒಂದೇ ಅಲ್ವಾ?"

"ಹೂವು ನಿನ್ ಡಬ್ಬದ ಮೇಲೆ ಬಿತ್ತು. ಬಲಗಡೆಯಿಂದ. ನಂಗೆ ತಡ್ಕೊಳಕ್ಕಾಗ್ಲಿಲ್ಲ."

ಅವಳು ನಗುತ್ತಾಳೆ ಅಂದುಕೊಂಡೆ, ಇಲ್ಲವೇ ಜಗಳವಾಡುತ್ತಾಳೆ. ಎರಡೂ ಮಾಡಲಿಲ್ಲ. ಕನಕಪುರದ ಬಸ್ ನಿಲ್ದಾಣ ಬಂದಾಗ, "ಇಳೀರಿ ಅಕ್ಕ, ಅಂಗಡಿ ಬಾಗ್ಲು ಹಾಕ್ಬುಟ್ಟಾರು" ಅಂದಳು.

ಅಂಗಡಿಯಲ್ಲಿ ಅವಳು ತನ್ನ ಬಿಲ್ಲು ಕೊಟ್ಟು ಸಹಿ ಹಾಕಿದಳು. ಕೆಟ್ಟ ಫೋನನ್ನು ಡಬ್ಬದ ಸಮೇತ ಅವರು ತೆಗೆದುಕೊಂಡರು. ಹಣ ಬಂದ ಸದ್ದು ಅವಳ ಫೋನಿನಲ್ಲೇ ಆಯಿತು. ಅದನ್ನು ನನಗೆ ಕಳಿಸುತ್ತಾಳೆ ಅಂತ ನಾನು ಕಾಯುತ್ತಾ ನಿಂತೆ. ಅವಳು ಕೌಂಟರಿನ ಹುಡುಗಿಯಿಂದ ಪಿನ್ನು ಇಸಿದುಕೊಂಡು ತನ್ನ ಫೋನಿನ ಸಿಮ್ ತೆಗೆದಳು. ಲಾಕ್ ತೆಗೆಸಿದಳು. ತನ್ನ ಖಾತೆಗಳನ್ನೆಲ್ಲ ಅಳಿಸಿದಳು. ಆಮೇಲೆ ಫೋನನ್ನು ನನ್ನ ಮುಂದೆ ಇಟ್ಟಳು.

"ನಿಮ್ ಬಿಲ್ಲಿಂದು ಇದೇ ಅಲ್ವಾ ಅಕ್ಕ. ನಿಮ್ದು ನಿಮಗೆ, ನಂದು ನಂಗೆ."

"ಬೇಡ ಕಣೆ, ನೀನ್ ಇಷ್ಟ್ ದಿನ ಇಟ್ಕೊಂಡಿದ್ದೀಯ" ಅಂದೆ. ಅನ್ನುವಾಗಲೇ ನನ್ನ ಕಣ್ಣು ಫೋನಿನ ಮೇಲಿತ್ತು. ಅವಳು ಅದನ್ನೂ ನೋಡಿರಬೇಕು.

"ಫೋಟೊ ಒಂದಷ್ಟು ಅದರಲ್ಲೇ ಅವೆ, ಮನೆಯವ್ರದೇ. ಬೇಕಾದ್ರೆ ಇಟ್ಕೊಳ್ಳಿ, ಬ್ಯಾಡದಿದ್ರೆ ತೆಗೀರಿ" ಅಂದಳು. ಆ ದುಡ್ಡಿನಲ್ಲಿ ಬೇರೆ ಫೋನ್ ನೋಡು ಅಂದರೆ, ಈಗ ಬೇಡ ಅಂತ ಹೊರಟೇಬಿಟ್ಟಳು. ಮನೆಗೆ ಬಂದು ಅತ್ತೆಗೆ ಅವಳೇ ಹೇಳಿದಳು, ಅಂಗಡಿಯವರು ಬಿಲ್ ಬರೆಯುವಾಗ ನಂಬರ್ ಹೆಚ್ಚುಕಮ್ಮಿ ಮಾಡಿದ್ದರಂತೆ, ನಿಮ್ಮ ಕಣ್ಣು ಸರಿಯಾಗೇ ಇದೆ ಅಂತ. ಅತ್ತೆ ಅರ್ಧ ನಂಬಿದರು. ಒಂದು ಸುಳ್ಳನ್ನು ಅಷ್ಟು ನಾಜೂಕಾಗಿ, ಬೇರೆಯವರ ಸಲುವಾಗಿ ಹೇಳಿದಳಲ್ಲ, ಅದಕ್ಕೂ ನನಗೆ ಹೊಟ್ಟೆ ಉರಿಯಿತು. ನಾನು ಹೇಳಿದ ಸುಳ್ಳು ಎಂಥದ್ದು, ಅವಳದು ಎಂಥದ್ದು.

ಅವಳು ಹಳೆಯ ಬಟನ್ ಫೋನಿಗೆ ಸಿಮ್ ಹಾಕಿಕೊಂಡಳು. ನಾನು ಎರಡು ತಿಂಗಳು ಆಸೆಪಟ್ಟ ಫೋನು ನನ್ನ ಕೈಯಲ್ಲಿತ್ತು. ಮಾರನೆಯ ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಕೂತಿದ್ದಾಗ ಫೋಟೊ ತೆಗೆಯಲು ಹೋದೆ. ಅದೇ ಜಗಲಿ, ಅದೇ ಕ್ಯಾಮೆರಾ. ಅತ್ತೆ ಸೆರಗು ಸರಿಮಾಡಿಕೊಂಡು, ಎರಡು ಕೈಯನ್ನೂ ಮಂಡಿಯ ಮೇಲಿಟ್ಟು, ರೇಷನ್ ಕಾರ್ಡಿಗೆ ಕೂತ ಹಾಗೆ ಕೂತರು. ನಗಿ ಅಂದೆ. ಹಲ್ಲು ಬಿಟ್ಟರು. "ಆಯ್ತೇನವ್ವ, ಬಿಸ್ಲು ಹೊಡೀತೈತೆ" ಅಂದರು. ನಾಲ್ಕು ತೆಗೆದು ನಾಲ್ಕನ್ನೂ ಅಳಿಸಿದೆ. ಬೀದಿಯ ಹೆಂಗಸರು ಎಂದಿನಂತೆ ಸಂಜೆ ಬಂದು ಅವಳ ಪಕ್ಕದಲ್ಲಿ ಕೂತರು. ಫೋನಿಲ್ಲದಿದ್ದರೂ ಬಂದರು.

ಆಮೇಲೆ ಒಬ್ಬಳೇ ಹುಳುಮನೆಯ ಬಾಗಿಲಲ್ಲಿ ಕೂತು ಅವಳು ಬಿಟ್ಟ ಫೋಟೊಗಳನ್ನು ನೋಡಿದೆ. ಅತ್ತೆ ನಗುವ ಆ ಫೋಟೊ ಇತ್ತು. ಸ್ಟೇಟಸ್‌ಗೆ ಅಂತ ಗಂಡಸರಿಗೆ ಕಳಿಸುವಾಗ ಒಂದು ಪಕ್ಕವನ್ನು ಕತ್ತರಿಸಿದ್ದಳು, ಇದು ಪೂರ್ತಿಯದು. ನಡುವೆ ಅತ್ತೆ, ಸುತ್ತ ಮಕ್ಕಳು, ಪಕ್ಕದ ಮನೆಯ ಇಬ್ಬರು, ಎಲ್ಲರೂ ನಗುತ್ತಿದ್ದಾರೆ. ಹಿಂದೆ, ಮೂಲೆಯಲ್ಲಿ, ಮಂಕರಿ ಹೊತ್ತ ನಾನು. ಉಗುರಿನಷ್ಟು ಇದ್ದೇನೆ. ಹಿಗ್ಗಿಸಿ ನೋಡಿದೆ. ನಾನು ಅತ್ತೆಯನ್ನು ನೋಡುತ್ತಿಲ್ಲ, ಫೋಟೊ ತೆಗೆಯುವವಳನ್ನು ನೋಡುತ್ತಿದ್ದೇನೆ. ನನ್ನ ಮುಖ ಹಾಗಾಗುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಆ ಮೂಲೆಯನ್ನು ಕತ್ತರಿಸಿದವಳು ಅವಳೇ. ಬಸ್ಸಿನಲ್ಲಿ ನಾನು ಹೇಳಿದ್ದು ಅವಳಿಗೆ ಹೊಸ ಸುದ್ದಿಯೇ ಆಗಿರಲಿಲ್ಲವೇನೋ.

ಅಳಿಸಲು ಬೆರಳಿಟ್ಟಿದ್ದೆ. ಅಷ್ಟರಲ್ಲಿ ಅತ್ತೆ ಕಾಲೆಳೆಯುತ್ತಾ ಬಂದು ಪಕ್ಕದಲ್ಲಿ ಕೂತು, "ಏನ್ ನೋಡ್ತಾ ಇದ್ದೀಯವ್ವ, ಇತ್ತ ತಾ" ಅಂತ ಫೋನ್ ಇಸಿದುಕೊಂಡರು. ಹಿಗ್ಗಿಸಿದ್ದು ಮತ್ತೆ ಚಿಕ್ಕದಾಗಿಹೋಗಿತ್ತು. ಕನ್ನಡಕವಿಲ್ಲ, ಬೆಳಕೂ ಇಳಿಯುತ್ತಿತ್ತು. ಅವರು ಒಂದು ಸಲ ನೋಡಿದರು, ನಗುವ ಮುಖಗಳನ್ನೆಲ್ಲ ದಾಟಿ ಸೀದಾ ಮೂಲೆಯ ಮೇಲೆ ಬೆರಳಿಟ್ಟರು.

"ಎಲ್ಲಾರೂ ನಗ್ತಾ ಅವ್ರೆ. ನೀನ್ ಯಾಕವ್ವ ಅವ್ಳನ್ನ ಹಂಗ್ ನೋಡ್ತಾ ಇದ್ದೀಯ?" ಅಂದರು.

ಅತ್ತೆಯ ಕಣ್ಣಿಗೆ ಏನೂ ಆಗಿರಲಿಲ್ಲ.